ಮನೆ ಕಂಪ್ಯೂಟರಿನ ದ್ರವಶೀತಕ ಮತ್ತು ತೇವ: ಕೊಪ್ಪಳ ಜಿಲ್ಲೆಯ ನೆಲೆಯಲ್ಲಿ

ಕಂಪ್ಯೂಟರಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳ ಬಿಸಿಯನ್ನು ಕೊಳವೆಯಲ್ಲಿ ಹರಿಯುವ ದ್ರವದ ಮೂಲಕ ಹೊರಕ್ಕೆ ಸಾಗಿಸುವ ಏರ್ಪಾಡು ದ್ರವಶೀತಕ. ಅಂಗಡಿ ಮಾತಿನಲ್ಲಿ ಲಿಕ್ವಿಡ್ ಕೂಲರ್ ಅಥವಾ ವಾಟರ್ ಕೂಲಿಂಗ್. ವಿಡಿಯೊ ಎಡಿಟಿಂಗ್, ತ್ರೀ-ಡಿ ವಿನ್ಯಾಸ, ಗೇಮಿಂಗ್‌ಗೆಂದು ಶಕ್ತಿಶಾಲಿ ಯಂತ್ರ ಕಟ್ಟಿಸುವವರು ಇದನ್ನು ಹಾಕಿಸುತ್ತಾರೆ. “ನೀರು, ಕರೆಂಟು ಒಂದೇ ಡಬ್ಬಿಯೊಳಗ ಹೆಂಗ್ರಿ?” ಎಂಬುದು ಕೊಪ್ಪಳ ಸೀಮೆಯ ಗಿರಾಕಿ ಕೇಳಬಹುದಾದ ಮೊದಲ ಪ್ರಶ್ನೆ, ಮತ್ತು ಅದು ಸರಿಯಾದ ಪ್ರಶ್ನೆಯೇ. ಆದರೆ ಕೊಳವೆ ಬೆವತು ಮದರ್‌ಬೋರ್ಡಿನ ಮೇಲೆ ನೀರು ತೊಟ್ಟಿಕ್ಕುತ್ತದೆ ಎಂಬ ಜನಪ್ರಿಯ ಭಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸಾಮಾನ್ಯ ಮನೆಗೆ ಹೊಂದುವುದಿಲ್ಲ. ಇಲ್ಲಿನ ಸಮಸ್ಯೆ ಬಹುಪಾಲು ಕೊಳವೆಯ ಆಚೆಯದು. ಕೋಣೆಯ ಏರ್ ಕೂಲರ್, ಬೋರ್‌ವೆಲ್ ನೀರು, ಹೊಟ್ಟಿನ ಧೂಳು, ಬೇಸಿಗೆಯ ಕಾವು ಇವು ಅದರ ಮೂಲಗಳು.

ಕೆಲಸ ಮಾಡುವ ಬಗೆ

ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಕೋಲ್ಡ್ ಪ್ಲೇಟ್, ದ್ರವವನ್ನು ತಿರುಗಿಸುವ ಪುಟ್ಟ ಪಂಪ್, ಎರಡು ಟ್ಯೂಬ್, ತೆಳು ರೆಕ್ಕೆಗಳ ರೇಡಿಯೇಟರ್, ಅದಕ್ಕೆ ಗಾಳಿ ಹೊಡೆಯುವ ಫ್ಯಾನುಗಳು: ಇಷ್ಟೇ ಇದರ ಅಂಗಗಳು. ಕಾರ್ಖಾನೆಯಲ್ಲೇ ದ್ರವ ತುಂಬಿ ಮುಚ್ಚಿದ್ದಕ್ಕೆ ಆಲ್ ಇನ್ ಒನ್ ಎನ್ನುತ್ತಾರೆ. ಅದರೊಳಗೆ ಒಂದು ಲೋಟದ ಆಸುಪಾಸಿನ ಕೂಲಂಟ್ ಇರುತ್ತದೆ. ಬಿಡಿ ಭಾಗ ತಂದು ತಾವೇ ಜೋಡಿಸುವ ಕಸ್ಟಮ್ ಲೂಪಿನಲ್ಲಿ ಇದಕ್ಕಿಂತ ಹೆಚ್ಚು.

ದೊಡ್ಡ ಯಂತ್ರಗಳಿಗೆ ಈ ವಿದ್ಯೆ ಹಳೆಯದು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ವಿದ್ಯುನ್ಮಂಡಲಗಳು ವಿದ್ಯುತ್ ಹರಿಯಗೊಡದ ಫ್ಲೋರಿನೇಟೆಡ್ ದ್ರವದಲ್ಲಿ ಪೂರ್ತಿ ಮುಳುಗಿದ್ದವು. ಮೇಜಿನ ಮೇಲಿನ ಯಂತ್ರಕ್ಕೆ 2004ರಲ್ಲಿ ಆಪಲ್ ಕಂಪನಿ ತನ್ನ ಪವರ್ ಮ್ಯಾಕ್ ಜಿ5 ಮಾದರಿಯೊಂದರಲ್ಲಿ ದ್ರವಶೀತಕ ಅಳವಡಿಸಿತು. ಅವುಗಳಲ್ಲಿ ಕೆಲವು ವರ್ಷ ಕಳೆದ ಮೇಲೆ ಸೋರಿದ್ದರಿಂದ ಹುಟ್ಟಿದ ಅಪಕೀರ್ತಿ ಇಂದಿಗೂ ಈ ತಂತ್ರಕ್ಕೆ ಅಂಟಿಕೊಂಡಿದೆ. 2009ರಲ್ಲಿ ಬಂದ ಕೊರ್ಸೇರ್ ಎಚ್50 ಮುಚ್ಚಿದ ಕೂಲರನ್ನು ಸಾಮಾನ್ಯ ಗಿರಾಕಿಯ ಕೈಗೆಟುಕುವಂತೆ ಮಾಡಿತು.

ರೇಡಿಯೇಟರಿನ ಮೇಲೆ ಬೀಸುವುದು ಕೋಣೆಯದೇ ಗಾಳಿ. ಹಾಗಾಗಿ ಒಳಗಿನ ದ್ರವ ಕೋಣೆಗಿಂತ ತಂಪಾಗಲು ದಾರಿಯೇ ಇಲ್ಲ. ಯಂತ್ರ ಸುಮ್ಮನಿದ್ದಾಗ ಕೋಣೆಯ ಉಷ್ಣತೆಗಿಂತ ಎರಡು ಮೂರು ಡಿಗ್ರಿ, ಕೆಲಸದ ಭಾರ ಬಿದ್ದಾಗ ಸುಮಾರು 10–15 ಡಿಗ್ರಿ ಹೆಚ್ಚೇ ಇರುತ್ತದೆ. ಈ ಒಂದು ಸಂಗತಿ ತಿಳಿದರೆ ಅರ್ಧ ಭಯ ಹೋಗುತ್ತದೆ.

ಇಬ್ಬನಿ ಬಿಂದು

ಗಾಳಿಯಲ್ಲಿನ ನೀರಾವಿ ಹನಿಗಟ್ಟಲು ಶುರುವಾಗುವ ಉಷ್ಣತೆಯೇ ಇಬ್ಬನಿ ಬಿಂದು. ಯಾವುದಾದರೂ ಮೇಲ್ಮೈ ಅದಕ್ಕಿಂತ ತಂಪಾದರೆ ಮಾತ್ರ ಅದರ ಮೇಲೆ ನೀರು ಕೂರುತ್ತದೆ. ಗಾಳಿ 40 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 20 ಇರುವ ಏಪ್ರಿಲ್ ಮಧ್ಯಾಹ್ನ ಇಬ್ಬನಿ ಬಿಂದು ಸುಮಾರು 13 ಡಿಗ್ರಿ. ಗಾಳಿ 28 ಡಿಗ್ರಿ, ಆರ್ದ್ರತೆ ಶೇ. 80 ಇರುವ ಆಗಸ್ಟ್ ಸಂಜೆ ಅದು 24 ಡಿಗ್ರಿಗೆ ಏರುತ್ತದೆ. ಆ ಸಂಜೆ ಫ್ರಿಜ್ಜಿನಿಂದ ತೆಗೆದ ಬಾಟಲಿ ಕ್ಷಣದಲ್ಲೇ ಬೆವರುತ್ತದೆ. ಆದರೆ ಅದೇ ಕೋಣೆಯ ಕಂಪ್ಯೂಟರಿನೊಳಗಿನ ದ್ರವ 30 ಡಿಗ್ರಿಗಿಂತ ಮೇಲಿರುವುದರಿಂದ ಅದರ ಟ್ಯೂಬ್ ಬೆವರುವ ಪ್ರಶ್ನೆ ಬರುವುದಿಲ್ಲ.

ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡ ಕೊಪ್ಪಳ ಜಿಲ್ಲೆ ಒಟ್ಟಿನಲ್ಲಿ ಒಣ ಸೀಮೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲೂ ಹೆಚ್ಚಿನ ಪಾಲು ಸೆಪ್ಟೆಂಬರ್ ಹೊತ್ತಿಗೆ ಬೀಳುತ್ತದೆ. ಆದರೆ ಜಿಲ್ಲೆಯ ಎಲ್ಲ ಕಡೆ ಗಾಳಿ ಒಂದೇ ತೆರನಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ವರ್ಷಕ್ಕೆರಡು ಬಾರಿಯೂ ಭತ್ತ ಬೆಳೆಯುವ ಗಂಗಾವತಿ, ಕಾರಟಗಿ ಭಾಗದಲ್ಲಿ ನಾಟಿಯ ನಂತರ ತಿಂಗಳುಗಟ್ಟಲೆ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಅಲ್ಲಿನ ಗಾಳಿಯ ತೇವ, ಎರೆ ಮತ್ತು ಮಸಾರಿ ಹೊಲಗಳ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಗಿಂತ ಹೆಚ್ಚು. ಕುಷ್ಟಗಿಯಲ್ಲಿ ಬೇಸಿಗೆಯ ಮಟ್ಟಿಗೆ ಸರಿಯೆನಿಸಿದ ಏರ್ಪಾಡು ಗಂಗಾವತಿಯ ಗದ್ದೆ ಬದಿಯ ಮನೆಯಲ್ಲಿ ಹಾಗೆಯೇ ನಡೆಯುತ್ತದೆಂದು ಹೇಳಲಾಗದು.

ಕೋಣೆಗಿಂತ ತಂಪಾದ ನೀರು

ಬೆವರುವ ಅಪಾಯ ನಿಜವಾಗುವುದು ದ್ರವವನ್ನು ಬೇಕೆಂದೇ ಕೋಣೆಗಿಂತ ತಂಪು ಮಾಡಿದಾಗ. ಅಕ್ವೇರಿಯಂ ಚಿಲ್ಲರ್ ಜೋಡಿಸುವುದು, ಲೂಪಿನ ದ್ರವ ತುಂಬಿಡುವ ರಿಸರ್ವಾಯರಿಗೆ ಐಸ್ ನೀರು ಸುರಿಯುವುದು, ಕರೆಂಟು ಹರಿಸಿದರೆ ಒಂದು ಮುಖ ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆ ಬಳಸುವುದು ಈ ಜಾತಿಯ ಸಾಹಸಗಳು. ಮಳೆಗಾಲದಲ್ಲಿ 15 ಡಿಗ್ರಿಯ ನೀರನ್ನು ಲೂಪಿಗೆ ಬಿಟ್ಟರೆ ಟ್ಯೂಬ್, ಫಿಟ್ಟಿಂಗ್, ಕೋಲ್ಡ್ ಪ್ಲೇಟಿನ ಅಂಚುಗಳೆಲ್ಲ ನಿಮಿಷಗಳಲ್ಲಿ ಹನಿಗಟ್ಟುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳದ ಜಾಗ: ಪ್ರೊಸೆಸರಿನ ಸಾಕೆಟ್ಟಿನೊಳಗೆ, ಸೂಜಿಗಳ ನಡುವೆ ಕೂರುವ ತೇವ.

ಇಂಟೆಲ್ ಕಂಪನಿ 2020ರಲ್ಲಿ ಕ್ರಯೋ ಕೂಲಿಂಗ್ ಎಂಬ ತಂತ್ರವನ್ನು ಹೊರತಂದಿತ್ತು. ಪೆಲ್ಟಿಯರ್ ಬಿಲ್ಲೆ ಇದ್ದ ಕೂಲರುಗಳಿಗೆ ಅದು ಬರೆದುಕೊಟ್ಟ ತಂತ್ರಾಂಶ, ಸಂವೇದಕಗಳ ಮೂಲಕ ಉಷ್ಣತೆ, ಆರ್ದ್ರತೆ ಓದಿ ಇಬ್ಬನಿ ಬಿಂದುವನ್ನು ಲೆಕ್ಕ ಹಾಕಿ, ಪ್ಲೇಟು ಅದಕ್ಕಿಂತ ತಣ್ಣಗಾಗದಂತೆ ತಡೆಯುತ್ತಿತ್ತು. ಬೇಡವೆಂದರೆ ಆ ತಡೆಯನ್ನು ಬಳಕೆದಾರ ತೆಗೆದುಹಾಕಬಹುದಿತ್ತು. ಆಗ ಹನಿಗಟ್ಟಿದರೆ ಅವನದೇ ಹೊಣೆ. 2023ರಲ್ಲಿ ಕಂಪನಿ ಈ ಯೋಜನೆಯನ್ನು ಕೈಬಿಟ್ಟಿತು. ಪೆಲ್ಟಿಯರ್ ಬಿಲ್ಲೆ ತಾನೇ ಬಹಳಷ್ಟು ಕರೆಂಟು ತಿಂದು ಬಿಸಿ ಉಗುಳುವುದರಿಂದ 40 ಡಿಗ್ರಿ ಬಿಸಿಲಿನ ಊರಿಗೆ ಅದು ಮೊದಲೇ ಹೇಳಿ ಮಾಡಿಸಿದ್ದಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಯಾದ ಸಹಸ್ರಟಿ, 2022ರಲ್ಲಿ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ, ಎರಡೂ ನೀರಿನ ನೆರವಿನಿಂದಲೇ ತಂಪಾಗುವಂತೆ ಕಟ್ಟಿದ ಸೂಪರ್ ಕಂಪ್ಯೂಟರುಗಳು. ಇಂಥ ಕೇಂದ್ರಗಳಲ್ಲಿ ಯಂತ್ರಕ್ಕೆ ಹೋಗುವ ನೀರನ್ನು ಇಬ್ಬನಿ ಬಿಂದುವಿಗಿಂತ ಕನಿಷ್ಠ ಎರಡು ಡಿಗ್ರಿ ಮೇಲಿಡುವುದು ರೂಢಿಯ ನಿಯಮ. ಮನೆಯಲ್ಲಿ ಪ್ರಯೋಗ ಮಾಡಬಯಸುವವರು ಪಾಲಿಸಬೇಕಾದ್ದೂ ಅದೇ ನಿಯಮವನ್ನು.

ನೀರನ್ನು ಆವಿಯಾಗಿಸಿ ತಂಪು ಮಾಡುವ ಇನ್ನೊಂದು ಉಪಾಯ ಹವ್ಯಾಸಿಗಳಲ್ಲಿದೆ: ಲೂಪಿನ ನೀರನ್ನು ಪೈಪಿನ ಗೋಪುರದ ಮೇಲಿಂದ ಸುರಿಸಿ ಗಾಳಿ ಬೀಸುವುದು. ಇದು ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವ ತತ್ತ್ವವೇ. ಒಣ ಬೇಸಿಗೆಯಲ್ಲಿ ಹೀಗೆ 40 ಡಿಗ್ರಿಯ ಗಾಳಿಯಲ್ಲೂ ನೀರು 23 ಡಿಗ್ರಿಯ ಹತ್ತಿರಕ್ಕೆ ಇಳಿಯಬಲ್ಲದು, ಮತ್ತು ತಾನು ತಣಿದ ಗಾಳಿಯ ಇಬ್ಬನಿ ಬಿಂದುವಿಗಿಂತ ಎಂದೂ ಕೆಳಗಿಳಿಯದು. ಲೆಕ್ಕದಲ್ಲಿ ಸೊಗಸಾದ ಉಪಾಯ. ಆದರೆ ಗೋಪುರ ಹೀರಿಕೊಳ್ಳುವ ಧೂಳೂ ನೀರು ಆರಿದಂತೆ ಉಳಿಯುವ ಉಪ್ಪೂ ನೇರ ಕೋಲ್ಡ್ ಪ್ಲೇಟಿನ ಸಂದುಗಳಿಗೆ ಹೋಗಿ ಸೇರುತ್ತವೆ. ಮನೆಯ ಯಂತ್ರಕ್ಕೆ ಇದು ಸಲ್ಲದು.

ಏರ್ ಕೂಲರ್ ಮತ್ತು ಎಸಿ

ಜಿಲ್ಲೆಯ ಮಧ್ಯಮವರ್ಗದ ಮನೆಯಲ್ಲಿ ಮಾರ್ಚಿನಿಂದ ಜೂನ್ ತನಕ ತಿರುಗುವುದು ಏರ್ ಕೂಲರ್. ಕಂಪ್ಯೂಟರಿನ ಒಳಗಿನ ನೀರಿಗೆ ಹೆದರುವವರು ಅದರ ಪಕ್ಕದಲ್ಲೇ ಗಂಟೆಗೆ ಹಲವು ಲೀಟರ್ ನೀರನ್ನು ಗಾಳಿಗೆ ತುಂಬುವ ಈ ಪೆಟ್ಟಿಗೆಯನ್ನು ಮರೆತೇಬಿಡುತ್ತಾರೆ. ಹೊರಗೆ 13 ಡಿಗ್ರಿ ಇರುವ ಇಬ್ಬನಿ ಬಿಂದು, ಕೂಲರ್ ಓಡುವ ಕೋಣೆಯಲ್ಲಿ 22–23 ಡಿಗ್ರಿಗೆ ಏರಬಹುದು. ಅಂದರೆ ಕಡುಬೇಸಿಗೆಯಲ್ಲೇ ಕೋಣೆಯೊಳಗೆ ಮಳೆಗಾಲ. ಹವಾಮಾನ ಒಣಗಿದೆ ಎಂಬ ಧೈರ್ಯದಿಂದ ಮೇ ತಿಂಗಳಲ್ಲಿ ಚಿಲ್ಲರ್ ಹಚ್ಚುವವನು ಎಡವುವುದು ಇಲ್ಲಿಯೇ.

ಸಾಮಾನ್ಯ ದ್ರವಶೀತಕಕ್ಕೆ ಈ ತೇವದಿಂದ ತಕ್ಷಣದ ಕೇಡಿಲ್ಲ. ತಂಪು ಗಾಳಿಯಿಂದ ಲಾಭವೂ ಉಂಟು. ಕೇಡು ಬರುವುದು ಹನಿಯಿಂದ. ಕೂಲರಿನ ಫ್ಯಾನು ಜೋರಾಗಿಟ್ಟಾಗ, ಪ್ಯಾಡು ಹಳೆಯದಾದಾಗ, ಗಾಳಿಯೊಂದಿಗೆ ಸಣ್ಣ ತುಂತುರು ಹೊರಡುತ್ತದೆ. ಬೋರ್‌ವೆಲ್ ನೀರು ತುಂಬಿದ ಕೂಲರಿನ ಪ್ಯಾಡಿನ ಮೇಲೆ ಹೊತ್ತು ಕಳೆದಂತೆ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ಲವಣ ತುಂತುರಿನೊಂದಿಗೆ ಹಾರಿ, ರೇಡಿಯೇಟರಿನ ರೆಕ್ಕೆಗಳಿಗೂ ಗ್ರಾಫಿಕ್ಸ್ ಕಾರ್ಡಿನ ಹಿಂಬದಿಗೂ ಅಂಟಿ ಆರುತ್ತದೆ. ಕೂಲರಿನ ಬಾಯಿ ಕ್ಯಾಬಿನೆಟ್ಟಿನ ಕಡೆಗೆ ನೇರ ತಿರುಗಿರಬಾರದು, ಕಿಟಕಿ ತೆರೆದಿರಬೇಕು. ಕಿಟಕಿ ಮುಚ್ಚಿ ಕೂಲರ್ ಓಡಿಸಿದರೆ ಮನುಷ್ಯನಿಗೂ ಸೆಕೆ, ಯಂತ್ರಕ್ಕೂ ತೇವ.

ಎಸಿಯ ಕಥೆ ಬೇರೆ. ಎಸಿ ಗಾಳಿಯಿಂದ ನೀರನ್ನು ತೆಗೆಯುತ್ತದೆ. 24 ಡಿಗ್ರಿ, ಶೇ. 50 ಆರ್ದ್ರತೆಯ ಕೋಣೆಯಲ್ಲಿ ಇಬ್ಬನಿ ಬಿಂದು 13 ಡಿಗ್ರಿಯಷ್ಟೆ. ಅಪಾಯ ಬರುವುದು ಕರೆಂಟ್ ಹೋದಾಗ. ಆಗಸ್ಟ್ ರಾತ್ರಿ ಎಸಿಯನ್ನು 20 ಡಿಗ್ರಿಗಿಟ್ಟು ಕಂಪ್ಯೂಟರ್ ಆಫ್ ಮಾಡಿ ಮಲಗಿದ್ದೀರಿ ಎನ್ನಿ. ಬೆಳಗಿನ ಜಾವ ಕರೆಂಟ್ ಹೋಗುತ್ತದೆ, ಸೆಕೆಗೆ ಬಾಗಿಲು ಕಿಟಕಿ ತೆಗೆಯುತ್ತೀರಿ. 20 ಡಿಗ್ರಿಗೆ ತಣಿದ ಲೋಹದ ಕ್ಯಾಬಿನೆಟ್, ರೇಡಿಯೇಟರ್, ಮದರ್‌ಬೋರ್ಡುಗಳ ಮೇಲೆ 24 ಡಿಗ್ರಿ ಇಬ್ಬನಿ ಬಿಂದುವಿನ ಹೊರಗಾಳಿ ಬಂದು ತಾಗುತ್ತದೆ. ಕನ್ನಡಕದ ಗಾಜು ಮಂಜಾದರೆ ಯಂತ್ರದ ಒಳಗೂ ಮಂಜು ಕೂತಿದೆ ಎಂದರ್ಥ. ಕರೆಂಟ್ ಬಂದ ಕೂಡಲೇ ಸ್ವಿಚ್ ಒತ್ತದೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಶುರು ಮಾಡುವುದು ಒಳ್ಳೆಯದು. ಇದು ದ್ರವಶೀತಕ ಇಲ್ಲದ ಯಂತ್ರಕ್ಕೂ ಅಷ್ಟೇ ಸಲ್ಲುವ ಮಾತು. ಸ್ಪ್ಲಿಟ್ ಎಸಿಯ ಒಳ ಘಟಕದ ನೇರ ಕೆಳಗೆ ಕಂಪ್ಯೂಟರ್ ಇಡಲೇಬಾರದು. ಡ್ರೈನ್ ಪೈಪ್ ಕಟ್ಟಿಕೊಂಡ ದಿನ ಅಲ್ಲಿಂದ ಬೀಳುವುದು ಇಬ್ಬನಿಯಲ್ಲ, ಧಾರೆ.

ಯಾವ ನೀರು

ಮುಚ್ಚಿದ ಕೂಲರಿಗೆ ನೀರು ತುಂಬುವ ಗೋಜಿಲ್ಲ. ಕಸ್ಟಮ್ ಲೂಪಿನವರು ಮಾತ್ರ ಈ ಜಿಲ್ಲೆಯಲ್ಲಿ ನೀರಿನ ವಿಷಯದಲ್ಲಿ ಇತರ ಕಡೆಗಿಂತ ಹೆಚ್ಚು ಜಾಗರೂಕರಾಗಬೇಕು. ಕುಷ್ಟಗಿ, ಯಲಬುರ್ಗಾ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ ಆರೋಗ್ಯ ಸಮಸ್ಯೆ; ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಲೂಪಿಗೆ ಫ್ಲೋರೈಡಿಗಿಂತ ಹೆಚ್ಚು ಕೇಡು ಮಾಡುವುದು ಗಡಸುತನ ಮತ್ತು ಕ್ಲೋರೈಡ್. ಗಡಸು ನೀರಿನ ಸುಣ್ಣ ಕೋಲ್ಡ್ ಪ್ಲೇಟಿನ ಕೂದಲೆಳೆಯಂಥ ಸಂದುಗಳಲ್ಲಿ ಕೂತು ಹರಿವನ್ನು ಕಟ್ಟುತ್ತದೆ. ಕ್ಲೋರೈಡ್ ಅಲ್ಯೂಮಿನಿಯಂ ರೇಡಿಯೇಟರಿಗೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಸೋರಿಕೆ ಎಷ್ಟೋ ಸಲ ಹುಟ್ಟುವುದು ಹೀಗೆ, ಒಳಗಿನಿಂದ.

ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬೋರ್‌ವೆಲ್ಲಿಗಿಂತ ಎಷ್ಟೋ ವಾಸಿ, ಆದರೂ ಸಾಲದು. ಆರ್‌ಒ ಯಂತ್ರ ಲವಣವನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ತೆಗೆಯುವುದಿಲ್ಲ. ಬೇಕಾದದ್ದು ಡಿಸ್ಟಿಲ್ಡ್ ನೀರು. ಇನ್ವರ್ಟರ್ ಇರುವ ಪ್ರತಿ ಮನೆಗೂ ಗೊತ್ತಿರುವ, ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುವ ಬ್ಯಾಟರಿ ನೀರು ಇದಕ್ಕೆ ಹತ್ತಿರದ್ದು. ಲವಣ ತೆಗೆದ ಬ್ಯಾಟರಿ ನೀರು ನಡೆಯುತ್ತದೆ, ಆದರೆ ಕೊಳ್ಳುವಾಗ ಅದು ಬರೀ ನೀರೋ ಆಮ್ಲ ಬೆರೆಸಿದ್ದೋ ಎಂದು ಲೇಬಲ್ ಓದಿಯೇ ತರಬೇಕು. ಎರಡು ಕ್ಯಾನುಗಳೂ ಒಂದೇ ಕಪಾಟಿನಲ್ಲಿರುತ್ತವೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆಯ ಹತ್ತಿರ ತೋರಿಸಬೇಕು.

ಶುದ್ಧ ನೀರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಸೋರಿದರೂ ಚಿಂತೆಯಿಲ್ಲ ಎಂಬ ಮಾತು ಅರ್ಧ ಸತ್ಯ. ಲೂಪಿಗೆ ಸೇರಿದ ದಿನದಿಂದಲೇ ಅದು ತಾಮ್ರ, ನಿಕ್ಕಲ್‌ಗಳಿಂದ ಅಯಾನುಗಳನ್ನು ಹೀರಿ ವಾಹಕವಾಗತೊಡಗುತ್ತದೆ. ಬೋರ್ಡಿನ ಧೂಳಿಗೆ ತಾಗಿದ ಕ್ಷಣ ಇನ್ನಷ್ಟು. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಿ ಬರೀ ನೀರು ತುಂಬಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ಕಾರ್ಖಾನೆಯ ಕೂಲರುಗಳಲ್ಲಿ ಈ ಎರಡೂ ಲೋಹ ಒಟ್ಟಿಗೆ ಇರಲು ಸಾಧ್ಯವಾಗಿರುವುದು ಕೂಲಂಟಿನಲ್ಲಿ ಗ್ಲೈಕಾಲಿನ ಜೊತೆ ಸವೆತ ತಡೆಯುವ ರಾಸಾಯನಿಕ ಬೆರೆತಿರುವುದರಿಂದ.

ಆರುವ ಕೊಳವೆ, ಸೋರುವ ಕೊಳವೆ

ಕೊಪ್ಪಳದ ಬೇಸಿಗೆಯಲ್ಲಿ ದ್ರವಶೀತಕಕ್ಕಿರುವ ನಿಜವಾದ ಶತ್ರು ಕಾವು. ಎಸಿ ಇಲ್ಲದ, ತಾರಸಿ ಕಾದ ಮೇಲ್ಮಹಡಿಯ ಕೋಣೆ 38–40 ಡಿಗ್ರಿಗೆ ಮುಟ್ಟಿದಾಗ, ಭಾರದ ಕೆಲಸದಲ್ಲಿ ಕೂಲಂಟ್ 50–55 ಡಿಗ್ರಿಗೆ ಏರುತ್ತದೆ. ಮುಚ್ಚಿದ ಕೂಲರುಗಳ ತಯಾರಕರು ಸಾಮಾನ್ಯವಾಗಿ ಹಾಕುವ ಗೆರೆ 60 ಡಿಗ್ರಿ. ರಬ್ಬರ್ ಟ್ಯೂಬಿನ ಗೋಡೆಯ ಮೂಲಕ ನೀರಾವಿ ಸದಾ ಅತಿ ನಿಧಾನವಾಗಿ ಹೊರಹೋಗುತ್ತಲೇ ಇರುತ್ತದೆ. ಕಾವು ಏರಿದಷ್ಟೂ ಈ ನಷ್ಟ ಬೇಗ. ವರ್ಷಗಳ ಮೇಲೆ ಪಂಪಿನಲ್ಲಿ ಗುಳುಗುಳು ಸದ್ದು, ಏರುವ ಉಷ್ಣತೆ, ಕೊನೆಗೆ ನಿಂತ ಪಂಪು. ಇಲ್ಲಿ ಕೊಳವೆ ಬೆವರುವುದಕ್ಕೆ ಮೊದಲು ಒಣಗುತ್ತದೆ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಕೂರಿಸಿದರೆ ಕೂಡುವ ಗಾಳಿಗುಳ್ಳೆ ಅಲ್ಲೇ ನಿಂತು ಪಂಪು ಉಳಿಯುತ್ತದೆ.

ಸೋರಿಕೆ ಅಪರೂಪ, ಆದರೆ ಆದಾಗ ದುಬಾರಿ. 2022ರಲ್ಲಿ ಆರ್ಕ್ಟಿಕ್ ಕಂಪನಿ ತನ್ನ ಲಿಕ್ವಿಡ್ ಫ್ರೀಜರ್ 2 ಸರಣಿಯ ಕೆಲವು ಕೂಲರುಗಳ ಗ್ಯಾಸ್ಕೆಟ್ ತಾಮ್ರದೊಂದಿಗೆ ವರ್ತಿಸಿ ಸೋರಬಹುದೆಂದು ತಾನೇ ಒಪ್ಪಿ ಬದಲಿ ಕಿಟ್ ಕೊಟ್ಟಿತು. ಕಸ್ಟಮ್ ಲೂಪಿನಲ್ಲಿ ನೀರು ತುಂಬುವ ಮೊದಲು ಕೈಪಂಪಿನಿಂದ ಸುಮಾರು ಅರ್ಧ ಬಾರ್ ಗಾಳಿ ತುಂಬಿ, ಮುಳ್ಳು ಇಳಿಯುತ್ತದೆಯೇ ಎಂದು ಕಾಲು ಗಂಟೆಗೂ ಹೆಚ್ಚು ನೋಡುವುದು ಅತ್ಯುತ್ತಮ ಪರೀಕ್ಷೆ. ಆಮೇಲೆ ಫಿಟ್ಟಿಂಗುಗಳ ಕೆಳಗೆ ಟಿಶ್ಯೂ ಕಾಗದ ಹಾಸಿ ಪಂಪನ್ನಷ್ಟೇ ಓಡಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಜೋಡಿಸಿದ ಕಸ್ಟಮ್ ಲೂಪಿನ ಯಂತ್ರವನ್ನು ನೀರು ತುಂಬಿದ ಹಾಗೆಯೇ ರಾತ್ರಿ ಬಸ್ಸಿಗೆ ಹಾಕಿ ತರುವುದು ಬೇಡ. ಬಸಿದು ತಂದು ಮನೆಯಲ್ಲಿ ತುಂಬಬೇಕು.

ಸೋರಿದ್ದು ಕಂಡರೆ ಶಟ್‌ಡೌನ್ ಮಾಡಿದರೆ ಸಾಲದು. ಯಂತ್ರ ಆಫ್ ಆಗಿದ್ದರೂ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಆ ಸಣ್ಣ ವಿದ್ಯುತ್ತೇ ಒದ್ದೆ ಜಾಗದಲ್ಲಿ ತಾಮ್ರವನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಗೋಡೆಯ ಪ್ಲಗ್ ಕೀಳಬೇಕು, ಬೋರ್ಡಿನ ನಾಣ್ಯದಂಥ ಸೆಲ್ ತೆಗೆಯಬೇಕು, ಒದ್ದೆಯಾದ ಭಾಗವನ್ನು ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣದಿಂದ ಮೆತ್ತನೆ ಬ್ರಶ್ಶಿನಲ್ಲಿ ತೊಳೆದು, ನೆರಳಿನಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಆರಿಸಬೇಕು. ಒದ್ದೆ ಬೋರ್ಡನ್ನು ಅಕ್ಕಿಯಲ್ಲಿ ಹೂಳುವ ಮದ್ದು ಭತ್ತದ ಕಣಜ ಗಂಗಾವತಿಯಲ್ಲೂ ಮದ್ದಲ್ಲ. ಅಕ್ಕಿ ತೇವ ಹೀರುವುದು ಅಷ್ಟಕ್ಕಷ್ಟೆ, ಬಿಡುವ ಹಿಟ್ಟು ಮಾತ್ರ ಧಾರಾಳ. ಆಪಲ್ ಕಂಪನಿಯೇ 2024ರಲ್ಲಿ ಒದ್ದೆ ಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಹೇಳಿತು.

ಧೂಳು

ಬರೀ ತೇವ ಕೆಡಿಸದ್ದನ್ನು ಧೂಳು ಸೇರಿದ ತೇವ ಕೆಡಿಸುತ್ತದೆ. ಧೂಳಿನಲ್ಲಿರುವ ಒಂದೊಂದು ಲವಣಕ್ಕೂ ಒಂದೊಂದು ಆರ್ದ್ರತೆಯ ಮಿತಿ ಇದೆ. ಅದನ್ನು ದಾಟಿದರೆ ಲವಣ ತಾನಾಗಿಯೇ ಗಾಳಿಯ ನೀರು ಕುಡಿದು ಕರಗುತ್ತದೆ. ಅಡುಗೆ ಉಪ್ಪಿಗೆ ಇದು ಶೇ. 75, ಯೂರಿಯಾಕ್ಕೆ 30 ಡಿಗ್ರಿಯಲ್ಲಿ ಶೇ. 73ರ ಆಸುಪಾಸು. ಬಾಯಿ ಬಿಚ್ಚಿದ ಯೂರಿಯಾ ಚೀಲ ಶ್ರಾವಣದಲ್ಲಿ ನೀರೊಡೆಯುವುದು ರೈತರಿಗೆ ಗೊತ್ತು. ಗೊಬ್ಬರದ ಚೀಲ ಒಟ್ಟಿದ ಕೋಣೆಯಲ್ಲೇ ಕಂಪ್ಯೂಟರಿದ್ದರೆ ಅದೇ ಪುಡಿ ಬೋರ್ಡಿನ ಮೇಲೂ ನೀರೊಡೆದು ತಂತುಗಳ ನಡುವೆ ವಿದ್ಯುತ್ ಹರಿಯಲು ಹಾದಿ ಮಾಡಿಕೊಡುತ್ತದೆ. ಇದಕ್ಕೆ ಇಬ್ಬನಿ ಬಿಂದುವಿನ ಹಂಗೂ ಇಲ್ಲ.

ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಹೊಟ್ಟು ತೌಡಿನ ಪುಡಿ ತೇವ ಹಿಡಿದಿಟ್ಟುಕೊಳ್ಳುವ ಜಾತಿಯದು. ಕೊಪ್ಪಳದ ಸುತ್ತ, ಗಿಣಿಗೇರಿ ಕಡೆಯ ಕಬ್ಬಿಣ ಉಕ್ಕಿನ ಕಾರ್ಖಾನೆಗಳ ಕಪ್ಪು ಧೂಳು ಊರಿನ ದೊಡ್ಡ ದೂರು. 2025ರಲ್ಲಿ ಕಾರ್ಖಾನೆ ವಿಸ್ತರಣೆಯ ವಿರುದ್ಧ ನಗರದಲ್ಲಿ ಭಾರಿ ಪ್ರತಿಭಟನೆ ನಡೆಯಿತು. ಇಂಗಾಲ, ಕಬ್ಬಿಣದ ಕಣವಿರುವ ಧೂಳು ಒಣಗಿದ್ದರೂ ಕೇಡೇ. ಭತ್ತ ತೆನೆಗಟ್ಟುವ ಕಾಲಕ್ಕೆ ದೀಪಕ್ಕೆ ಮುತ್ತುವ ಜಿಗಿಹುಳುಗಳ ಕಾಟ ಇನ್ನೊಂದು. ಬಣ್ಣಬಣ್ಣದ ಆರ್‌ಜಿಬಿ ದೀಪ, ಗಾಜಿನ ಪಕ್ಕೆಯ ಕ್ಯಾಬಿನೆಟ್ಟನ್ನು ಕಿಟಕಿ ಪಕ್ಕ ಇಟ್ಟರೆ ಅವಕ್ಕೆ ಆಹ್ವಾನಪತ್ರಿಕೆ ಕೊಟ್ಟಂತೆ. ಫಿಲ್ಟರ್ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ, ರೇಡಿಯೇಟರನ್ನು ಎರಡು ಮೂರು ತಿಂಗಳಿಗೊಮ್ಮೆ ಬ್ಲೋವರಿನಿಂದ ಊದಿಸಬೇಕು. ಕ್ಯಾಬಿನೆಟ್ಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದರಿಂದ ಏನೂ ಆಗದು. ಫ್ಯಾನುಗಳು ಕೋಣೆಯ ಗಾಳಿಯನ್ನೆಲ್ಲ ಒಳಗೆ ಎಳೆಯುತ್ತಿರುವಾಗ ಎರಡು ಚಮಚ ಜೆಲ್ ಎಷ್ಟನ್ನು ಹೀರೀತು?

ಆಯ್ಕೆ

ಕಚೇರಿ ಕೆಲಸ, ಓದು, ಸಾಮಾನ್ಯ ಆಟಕ್ಕೆ ದ್ರವಶೀತಕ ಅನಗತ್ಯ. ಫ್ಯಾನಿನ ಗಾಳಿಯಿಂದಲೇ ಪ್ರೊಸೆಸರನ್ನು ತಂಪು ಮಾಡುವ ಒಳ್ಳೆಯ ಟವರ್ ಕೂಲರ್ ಸಾಕು, ಅದರಲ್ಲಿ ಸೋರುವಂಥದ್ದು ಇಲ್ಲ, ಕೆಟ್ಟರೆ ಫ್ಯಾನೊಂದನ್ನು ಬದಲಿಸಿದರಾಯಿತು. ಇನ್ನೂರೈವತ್ತು ವಾಟ್ ತನಕ ಎಳೆಯುವ ಪ್ರೊಸೆಸರಿನಲ್ಲಿ ಗಂಟೆಗಟ್ಟಲೆ ರೆಂಡರ್ ಮಾಡುವವರಿಗೆ 360 ಮಿಲಿಮೀಟರ್ ರೇಡಿಯೇಟರಿನ ಮುಚ್ಚಿದ ಕೂಲರ್ ತಕ್ಕದ್ದು. ಅದರ ಆಯಸ್ಸನ್ನು ಐದಾರು ವರ್ಷವೆಂದೇ ಲೆಕ್ಕ ಹಿಡಿದು, ವಾರಂಟಿ ಮುಗಿದ ಮೇಲೆ ಅದೃಷ್ಟಕ್ಕೆ ಬಿಡದೆ ಬದಲಿಸಬೇಕು. ಕೊಳ್ಳುವಾಗ ಸೋರಿಕೆಯಿಂದ ಇತರ ಭಾಗ ಕೆಟ್ಟರೆ ಕಂಪನಿ ತುಂಬಿಕೊಡುತ್ತದೆಯೇ ಎಂದು ವಾರಂಟಿ ಪತ್ರದಲ್ಲಿ ಓದಿಕೊಳ್ಳಿ. ಕೊಡುವ ಕಂಪನಿಗಳಿವೆ, ಆದರೆ ಬಿಲ್ ಇಲ್ಲದ ಗಿರಾಕಿಗೆ ಅದು ಸಿಗುವುದಿಲ್ಲ.